ಗೊತ್ತುಂಟು, ಹೇಳುವ ಹಾಗಿಲ್ಲ

2024ರ ಮಾರ್ಚ್ 23, ಶನಿವಾರ. ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರದ ಆಯುಕ್ತರನ್ನೂ ಅವರ ಪರವಾಗಿ ಹಣ ಪಡೆದನೆಂಬ ಆರೋಪ ಹೊತ್ತ ಒಬ್ಬ ಬ್ರೋಕರನನ್ನೂ ಲೋಕಾಯುಕ್ತ ಪೊಲೀಸರು ಬಂಧಿಸಿದರು. ಲಂಚದ ಮೊತ್ತ 25 ಲಕ್ಷ ರೂಪಾಯಿ ಎಂದು ದೂರು. ಪ್ರಾಧಿಕಾರದ ಕಚೇರಿ ಇರುವುದು ಉರ್ವಸ್ಟೋರಿನಲ್ಲಿ. ನಾನು ಬೆಳೆದ ಮನೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಅವತ್ತು ಸಂಜೆ ಊರಿಗೆ ಫೋನು ಮಾಡಿದೆ. ನೆರೆಕರೆಯವರು, ಹಳೆಯ ಸಹಪಾಠಿಗಳು, ಮಾರ್ಕೆಟಿನ ಹತ್ತಿರದ ಅಂಗಡಿಯವರು, ಯಾರ ಬಾಯಲ್ಲೂ ಅಚ್ಚರಿ ಇರಲಿಲ್ಲ. "ಸಿಕ್ಕಿಬಿದ್ದದ್ದು ವಿಶೇಷ ಮಾರಾಯ" ಎಂದರು ಒಬ್ಬರು. ಇನ್ನೊಬ್ಬರು ದೂರು ಕೊಟ್ಟವರ ಧೈರ್ಯವನ್ನು ಹೊಗಳಿ, ಮರುಕ್ಷಣವೇ ದನಿ ತಗ್ಗಿಸಿ, "ಇನ್ನು ಅವರ ಫೈಲು ಎಲ್ಲಿಯೂ ಮುಂದೆ ಹೋಗ್ಲಿಕ್ಕಿಲ್ಲ" ಎಂದು ಮರುಕಪಟ್ಟರು.

ಆರೋಪ ಸಾಬೀತಾಗುತ್ತದೋ ಇಲ್ಲವೋ, ಅದನ್ನು ನ್ಯಾಯಾಲಯ ಹೇಳಬೇಕು. ನನ್ನನ್ನು ಕಾಡುತ್ತಿರುವುದು ಆ ಸಂಜೆಯ ಫೋನಿನ ಮಾತುಗಳು. ನಾನು ಬೆಳೆದ ಊರಿನಲ್ಲಿ ಇಂಥ ಸಂಗತಿಗಳು ಯಾವತ್ತೂ ಗುಟ್ಟಾಗಿರಲಿಲ್ಲ. ಎಲ್ಲರಿಗೂ ಗೊತ್ತಿದ್ದವು. ಯಾರೂ ಹೇಳುತ್ತಿರಲಿಲ್ಲ, ಅಷ್ಟೇ. ಆ ಮೌನವನ್ನು ನಮಗೆ ಚಿಕ್ಕಂದಿನಲ್ಲೇ ಕಲಿಸಿದರು. ಹೆದರಿಸಿ ಕಲಿಸಲಿಲ್ಲ, ಒಳ್ಳೆಯ ನಡತೆ ಎಂದು ಕಲಿಸಿದರು. ಮಂಗಳೂರಿನ ಭೂಗತ ಲೋಕದ ಕಥೆಗಳಲ್ಲಿ ಕೋವಿ, ತಲವಾರು, ದುಬೈ ಫೋನುಗಳೆಲ್ಲ ಬರುತ್ತವೆ. ಈ ಕಲಿಕೆಯ ಸುದ್ದಿ ಬರುವುದಿಲ್ಲ.

ನಾನು ಬೆಳೆದ ಉರ್ವ ದೊಡ್ಡ ಜಾಗವೇನಲ್ಲ. ಲೇಡಿಹಿಲ್ಲಿನಿಂದ ಚಿಲಿಂಬಿ ದಾಟಿ ಉರ್ವಸ್ಟೋರ್, ಅಶೋಕನಗರದತ್ತ ಹೋಗುವ ರಸ್ತೆ ಒಂದು ಕಡೆ. ಇನ್ನೊಂದು ಕಡೆ ಮಾರ್ಕೆಟು, ಮಾರಿಗುಡಿ, ಬೋಳೂರು. ಇನ್ನೂ ಇಳಿದರೆ ಸುಲ್ತಾನ್ ಬತ್ತೇರಿ. ಅಲ್ಲಿ ಟಿಪ್ಪುವಿನ ಕಾಲದ ಕಾವಲು ಬುರುಜು, ಗುರುಪುರ ಹೊಳೆ, ಆಚೆ ದಡದಲ್ಲಿ ತಣ್ಣೀರುಬಾವಿ, ಅದರಾಚೆ ಸಮುದ್ರ. ಶಾಲೆಗಳು, ಮೈದಾನ, ಪೊಲೀಸ್ ಠಾಣೆ, ತುಳುಭವನ, ನಗರದಲ್ಲಿ ಯಾರು ಎಲ್ಲಿ ಎಷ್ಟು ಎತ್ತರಕ್ಕೆ ಕಟ್ಟಬಹುದೆಂದು ತೀರ್ಮಾನಿಸುವ ಪ್ರಾಧಿಕಾರದ ಕಚೇರಿ, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿ. ಮಗುವಿಗೆ ಈ ಊರು ಪೂರ್ತಿ ಗೊತ್ತಿರುತ್ತದೆ, ಊರಿಗೂ ಮಗು ಇಂಥವರ ಮನೆಯದೆಂದು ಗೊತ್ತಿರುತ್ತದೆ. ಬಿಸಿಲಿನಲ್ಲಿ ನಡೆದು ಬರುವಾಗ ಯಾರಾದರೊಬ್ಬರು ಸ್ಕೂಟರು ನಿಲ್ಲಿಸಿ ಕೂರಿಸಿಕೊಳ್ಳುತ್ತಾರೆ. ಈ ಪ್ರೀತಿ ಸುಳ್ಳಲ್ಲ. ನಮ್ಮ ಬಾಯಿ ಕಟ್ಟಿದ್ದೂ ಇದೇ ಪ್ರೀತಿ.

ನಮ್ಮ ಬೀದಿಯಲ್ಲಿ "ಅಣ್ಣ" ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬರಿದ್ದರು. ಏನು ಕೆಲಸವೆಂದು ಕೇಳಿದರೆ "ಬಿಸ್ನೆಸ್" ಎಂಬ ಉತ್ತರ ಸಿಗುತ್ತಿತ್ತು. ಅಂಡರ್ ಆರ್ಮ್ ಕ್ರಿಕೆಟ್ ಪಂದ್ಯಕ್ಕೆ ಟ್ರೋಫಿ ಅವರದು, ಮೊಸರುಕುಡಿಕೆಯ ಬಹುಮಾನ ಅವರದು, ಮಾರ್ನೆಮಿಗೆ ಹುಲಿವೇಷದ ತಂಡ ಮೊದಲು ಕುಣಿಯುತ್ತಿದ್ದುದು ಅವರ ಅಂಗಳದಲ್ಲಿ. ಬಡವರ ಮನೆಯ ಮದುವೆಗೆ ಅಕ್ಕಿ ಕಳಿಸುತ್ತಿದ್ದರು, ರಾತ್ರಿ ಯಾರನ್ನೋ ವೆನ್ಲಾಕ್ ಆಸ್ಪತ್ರೆಗೆ ಒಯ್ಯಬೇಕಾದರೆ ಕಾರು ಕೊಡುತ್ತಿದ್ದರು. ಅವರ ಮನೆಗೆ ಬರುತ್ತಿದ್ದ ಹುಡುಗರು ಒಮ್ಮೊಮ್ಮೆ ಹಲವು ತಿಂಗಳು ಕಾಣಿಸುತ್ತಿರಲಿಲ್ಲ. "ಬೊಂಬಾಯಿಗೆ ಹೋಗಿದ್ದಾನೆ" ಎಂದಷ್ಟೇ ಹೇಳುತ್ತಿದ್ದರು. ಸಂಜೆಪತ್ರಿಕೆಯಲ್ಲಿ ಅವರಲ್ಲೊಬ್ಬನ ಪಟ ಬಂದ ದಿನ ಮನೆಮನೆಯಲ್ಲೂ ಆ ಹಾಳೆ ಮಡಚಿ ಒಳಗಿಟ್ಟರು. ನಾನು ಅಮ್ಮನನ್ನು ಕೇಳಿದೆ. ಅವಳು ಬಂಗುಡೆ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ಅವರ ಮನೆ ವಿಷಯ ನಮಗೆಂತಕ್ಕೆ? ನಾಳೆ ನಮ್ಮ ಮನೆ ಮದುವೆಗೆ ಅವರು ಬರುವವರು, ಅವರಲ್ಲಿಗೆ ನಾವು ಹೋಗುವವರು" ಎಂದಳು. ಅದರಲ್ಲಿ ಹೆದರಿಕೆಗಿಂತ ಮರ್ಯಾದೆಯೇ ಹೆಚ್ಚಿತ್ತು. ಹೊರಗಿನವರು ಚಿಕ್ಕ ನಗರಗಳನ್ನು ಅರ್ಥಮಾಡಿಕೊಳ್ಳುವಾಗ ತಪ್ಪುವುದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ.

ಕರಾವಳಿಯ ಹುಡುಗರಿಗೂ ಮುಂಬೈಗೂ ಇರುವ ಹಾದಿ ಹಳೆಯದು. ಹೋಟೆಲು ಕೆಲಸ, ರಾತ್ರಿಶಾಲೆ, ಊರಿಗೆ ಮನಿಯಾರ್ಡರು, ಹೀಗೆ ನಮ್ಮ ಎಷ್ಟೋ ಮನೆಗಳು ಎದ್ದು ನಿಂತವು. 1974ರ ಮಾರ್ಚ್ 1ರಂದು ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಉಳುವವನಿಗೆ ಭೂಮಿ ಸಿಕ್ಕಿದ್ದು ಈ ಜಿಲ್ಲೆಯ ದೊಡ್ಡ ನ್ಯಾಯ. ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಮನೆಗಳ ಮಕ್ಕಳು ಆಮೇಲೆ ಇನ್ನಷ್ಟು ಸಂಖ್ಯೆಯಲ್ಲಿ ಘಟ್ಟ ಹತ್ತಿದರು, ಮುಂಬೈ ಬಸ್ಸು ಹಿಡಿದರು. ಬಹುತೇಕರು ದುಡಿದರು. ಹೋಟೆಲು, ಬಾರುಗಳ ಮಾಲೀಕರು ನಮ್ಮವರೇ ಆಗಿದ್ದರಿಂದ ಅವರಿಂದ ಹಫ್ತಾ ಎತ್ತಲು ಹೊರಟ ಗ್ಯಾಂಗುಗಳಿಗೆ ತುಳು ಬಲ್ಲ ಹುಡುಗರು ಬೇಕಾದರು. ಒಬ್ಬ ಮಾಲೀಕನಿಗೆ ಎಷ್ಟು ಹಣವಿದೆ, ಊರಿನಲ್ಲಿ ಮನೆ ಎಲ್ಲಿ, ಮಗಳ ಮದುವೆ ಯಾವಾಗ ಎಂದು ಅವನ ಊರಿನವನಿಗಿಂತ ಚೆನ್ನಾಗಿ ತಿಳಿದವರು ಯಾರು? ಹೆದರಿಸಲು ಬೇಕಾದ ಮಾಹಿತಿಯೆಲ್ಲ ನೆಂಟಸ್ತಿಕೆಯ ದಾರಿಯಲ್ಲೇ ಬರುತ್ತಿತ್ತು.

ಈ ಲೋಕದ ಹೆಸರುಗಳು ನಮಗೆ ಶಾಲೆಯ ಪಾಠಕ್ಕಿಂತ ಮೊದಲೇ ಬಾಯಿಪಾಠ. ಪುತ್ತೂರು ಕಡೆಯ ಮುತ್ತಪ್ಪ ರೈ ಬ್ಯಾಂಕ್ ನೌಕರಿಯಲ್ಲಿದ್ದವನು. 1989ರಲ್ಲಿ ಬೆಂಗಳೂರಿನಲ್ಲಿ ಎಂ.ಪಿ. ಜಯರಾಜನ ಹತ್ಯೆಯ ನಂತರ ಅವನ ಹೆಸರು ರಾಜ್ಯಕ್ಕೆಲ್ಲ ತಿಳಿಯಿತು. ಮುಂದೆ ದುಬೈ, 2002ರಲ್ಲಿ ಗಡಿಪಾರಾಗಿ ಭಾರತಕ್ಕೆ, ಪ್ರಕರಣಗಳಿಂದ ಖುಲಾಸೆ, 2008ರಲ್ಲಿ 'ಜಯ ಕರ್ನಾಟಕ' ಸಂಘಟನೆ, 2020ರ ಮೇ ತಿಂಗಳಲ್ಲಿ ಕ್ಯಾನ್ಸರಿನಿಂದ ಸಾವು. ಮಂಗಳೂರಿನಲ್ಲಿ 1992ರಲ್ಲಿ ಅಮರ್ ಆಳ್ವನ ಕೊಲೆಯಾದಾಗ ಊರಿಗೆ ಊರೇ ಒಂದು ವಾರ ಅದನ್ನೇ ಮಾತಾಡಿತು, ಬಾಗಿಲು ಹಾಕಿಕೊಂಡು. ಮಲ್ಪೆ ಮೂಲದ ರವಿ ಪೂಜಾರಿ ವಿದೇಶದಿಂದ ಫೋನು ಮಾಡಿ ಬಿಲ್ಡರುಗಳನ್ನು, ರಾಜಕಾರಣಿಗಳನ್ನು, ಸಿನಿಮಾದವರನ್ನು ವರ್ಷಗಟ್ಟಲೆ ಹೆದರಿಸಿದ. 2007ರಲ್ಲಿ ಬೆಂಗಳೂರಿನ ತಿಲಕನಗರದ ಶಬ್ನಂ ಡೆವಲಪರ್ಸ್ ಕಚೇರಿಯ ಮೇಲೆ ಅವನ ಕಡೆಯವರು ನಡೆಸಿದರೆಂಬ ಆರೋಪವಿರುವ ಗುಂಡಿನ ದಾಳಿಯಲ್ಲಿ ಸತ್ತವರು ಇಬ್ಬರು ನೌಕರರು. ಧಣಿಗಳ ಜಗಳದಲ್ಲಿ ಸಂಬಳಕ್ಕೆ ದುಡಿಯುವವರು ಸಾಯುತ್ತಾರೆ. 2019ರ ಜನವರಿಯಲ್ಲಿ ಪೂಜಾರಿ ಸೆನೆಗಲ್ ದೇಶದ ಡಾಕರಿನಲ್ಲಿ ಸಿಕ್ಕಿಬಿದ್ದಾಗ ಆಂಟನಿ ಫೆರ್ನಾಂಡಿಸ್ ಎಂಬ ಹೆಸರಿನಲ್ಲಿ ಹೋಟೆಲು ವ್ಯವಹಾರ ನಡೆಸುತ್ತಿದ್ದ.

ಮಕ್ಕಳಾಗಿ ನಾವು ಈ ಕಥೆಗಳನ್ನು ಕೇಳಿದ್ದು ಯಕ್ಷಗಾನದ ಕಥೆ ಕೇಳಿದ ಹಾಗೆಯೇ. ಯಾರು ಯಾರನ್ನು ಎಲ್ಲಿ ಹೊಡೆದರು, ಯಾವ ಕೈಯಲ್ಲಿ, ಕೊನೆಯ ಮಾತೇನು ಎಂದು ಕೇಳಿದವರು ಮತ್ತಷ್ಟು ಸೇರಿಸಿ ಹೇಳುತ್ತಿದ್ದರು. ಆ ಕಥೆಗಳಲ್ಲಿ ಬರುತ್ತಿದ್ದ ಒಬ್ಬ ಹುಡುಗನ ತಾಯಿಯನ್ನು ಮುಂದೆ ನಾನು ಭೇಟಿಯಾದೆ. ಮಗನ ಪಟಕ್ಕೆ ಹಾಕಿದ ಮಾಲೆಯ ಪಕ್ಕದಲ್ಲೇ ಅವನು ಹತ್ತನೇ ತರಗತಿಯಲ್ಲಿ ಗೆದ್ದ ಕಬಡ್ಡಿ ಪ್ರಮಾಣಪತ್ರ ಇತ್ತು. "ಇವನಿಗೆ ಗಾಡಿ ಸೀಜ್ ಮಾಡುವ ಕೆಲಸ ಕೊಡಿಸಿದವರು ನೆಂಟರೇ" ಎಂದು ಆ ತಾಯಿ ಹೇಳಿದರು.

ಈ ಗಾಡಿ ಸೀಜ್ ಮಾಡುವ ಕೆಲಸದ ಬಗ್ಗೆ ಹೇಳಲೇಬೇಕು. ಸಾಲದ ಕಂತು ಕಟ್ಟದವರ ಬೈಕು, ರಿಕ್ಷಾ, ಕಾರನ್ನು ದಾರಿಯಲ್ಲೇ ತಡೆದು ಎಳೆದುಕೊಂಡು ಬರಲು ಗಟ್ಟಿಮುಟ್ಟಾದ ಹುಡುಗರು ಬೇಕು. ಕೆಲಸಕ್ಕೆ ಅರ್ಜಿ ಇಲ್ಲ, ನೇಮಕಪತ್ರ ಇಲ್ಲ, ದಿನದ ಲೆಕ್ಕದಲ್ಲಿ ಕೈಗೆ ಹಣ. ಮೈದಾನದಲ್ಲಿ ಚೆನ್ನಾಗಿ ಆಡುವ, ಪಿಯುಸಿಯಲ್ಲಿ ಫೇಲಾದ ಹುಡುಗನಿಗೆ ಅದು ಸಿಗುವ ಮೊದಲ ಸಂಬಳ. ಒಂದು ದಿನ ರಿಕ್ಷಾದವನು ಎದುರು ನಿಲ್ಲುತ್ತಾನೆ, ಹೊಡೆದಾಟವಾಗುತ್ತದೆ, ಠಾಣೆಯಲ್ಲಿ ಕೇಸು ದಾಖಲಾಗುತ್ತದೆ. ಕೆಲಸ ಕೊಟ್ಟ ಸಂಸ್ಥೆ ಅವನನ್ನು ತನ್ನವನೆಂದು ಒಪ್ಪುವುದಿಲ್ಲ. ಜಾಮೀನಿಗೆ ಬರುವವರು ಅಣ್ಣನ ಕಡೆಯವರು. ಆಮೇಲೆ ಆ ಹುಡುಗ ಅಣ್ಣನಿಗೆ ಋಣಿ. ಎರಡನೆಯ ಕೇಸಿನ ಹೊತ್ತಿಗೆ ರೌಡಿಶೀಟು ತೆರೆಯುತ್ತದೆ, ಹಬ್ಬ, ಚುನಾವಣೆ, ಗಲಾಟೆ ಬಂದಾಗಲೆಲ್ಲ ಠಾಣೆಯ ಪೆರೇಡಿಗೆ ಹೋಗಿ ನಿಲ್ಲಬೇಕು. ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಊರಿನಲ್ಲಿ ಇನ್ನು ಒಬ್ಬರೇ ಉಳಿಯುತ್ತಾರೆ. ನನ್ನ ಜೊತೆ ಉರ್ವ ಮೈದಾನದಲ್ಲಿ ಆಡಿದವರಲ್ಲಿ ಕೆಲವರು ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಯಾರೂ ಹುಟ್ಟು ಕ್ರೂರಿಗಳಾಗಿರಲಿಲ್ಲ.

ಇನ್ನೊಂದು ಲೋಕವೂ ಇತ್ತು. ಅದರಲ್ಲಿ ಯಾರ ಪಟವೂ ಸಂಜೆಪತ್ರಿಕೆಯಲ್ಲಿ ಬರುತ್ತಿರಲಿಲ್ಲ. ಅಪ್ಪ ಮನೆ ಕಟ್ಟಿಸಿದಾಗ ಡೋರ್ ನಂಬರಿಗೆಂದು ಕಚೇರಿಯೊಂದಕ್ಕೆ ಅಲೆದದ್ದು ನನಗೆ ನೆನಪಿದೆ. ಕಾಗದಪತ್ರಗಳೆಲ್ಲ ಸರಿಯಿದ್ದವು. "ಸಾಹೇಬರು ಲೀವಿನಲ್ಲಿದ್ದಾರೆ", "ಸರ್ವೆಯವರು ಬರಬೇಕು", "ಫೈಲು ಮೇಲೆ ಹೋಗಿದೆ" ಎಂಬ ಮಾತುಗಳನ್ನು ಅವರು ಮನೆಗೆ ಬಂದು ಹೇಳುತ್ತಿದ್ದ ಧಾಟಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಕೊನೆಗೆ ಒಬ್ಬ ಬ್ರೋಕರ್ ಸಿಕ್ಕಿದ, ಕೆಲಸ ಆಯಿತು. ಎಷ್ಟು ಕೊಟ್ಟರೆಂದು ಅಪ್ಪ ಸಾಯುವವರೆಗೂ ಹೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ. ಏಕೆಂದರೆ ಆ ಬ್ರೋಕರ್ ನಮ್ಮ ಮನೆಯ ಪೂಜೆಗೆ ಬಂದು ಊಟ ಮಾಡಿ ಹೋಗುವಷ್ಟು ಹತ್ತಿರದವನು. ಕನ್ವರ್ಷನ್, ಸಿಂಗಲ್ ಸೈಟ್, ಸೆಟ್‌ಬ್ಯಾಕ್, ಕಂಪ್ಲೀಷನ್, ಈ ಒಂದೊಂದು ಪದಕ್ಕೂ ಒಂದೊಂದು ದರವಿದೆಯೆಂದು ಊರಿನ ಹುಡುಗರು ಅಂಗಡಿ ಜಗಲಿಯಲ್ಲಿ ಕೂತು ಲೆಕ್ಕ ಹೇಳುತ್ತಿದ್ದರು.

ಹಂಚಿನ ಮನೆಗಳು ಹೋಗಿ ಚಿಲಿಂಬಿ, ಲೇಡಿಹಿಲ್, ಮಣ್ಣಗುಡ್ಡದಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಈ ಎರಡೂ ಲೋಕಗಳು ಒಂದಕ್ಕೊಂದು ಬೇಕಾದವು. ಜಾಗ ಬಿಡದ ಮುದುಕಿಯನ್ನು ಒಪ್ಪಿಸಲು, ಬಾಡಿಗೆದಾರನನ್ನು ಎಬ್ಬಿಸಲು, ಪಾಲುಪಟ್ಟಿಯ ವ್ಯಾಜ್ಯ "ಮುಗಿಸಲು" ಹುಡುಗರು ಬೇಕು. ಗುಡ್ಡ ಕಡಿದು ಗದ್ದೆ ತುಂಬಿಸಿ ಎಬ್ಬಿಸಿದ ಕಟ್ಟಡಕ್ಕೆ ಮರಳು ಬೇಕು. ಆ ಮರಳು ನೇತ್ರಾವತಿ, ಫಲ್ಗುಣಿಯ ಒಡಲಿನಿಂದ ರಾತ್ರಿ ಬರುತ್ತದೆ. ಪಾವೂರು ಉಳಿಯ ದ್ವೀಪದ ಜನ ತಮ್ಮ ಕಾಲಡಿಯ ನೆಲ ಕರಗುತ್ತಿದೆಯೆಂದು ವರ್ಷಗಳಿಂದ ಕೂಗುತ್ತಿದ್ದಾರೆ. 2017ರ ಏಪ್ರಿಲಿನಲ್ಲಿ ಕುಂದಾಪುರ ತಾಲ್ಲೂಕಿನ ಕಂಡ್ಲೂರಿನಲ್ಲಿ ಅಕ್ರಮ ಮರಳುಗಾರಿಕೆ ತಡೆಯಲು ರಾತ್ರಿ ಹೋದ ಉಡುಪಿ ಜಿಲ್ಲಾಧಿಕಾರಿ ಪ್ರಿಯಾಂಕಾ ಮೇರಿ ಫ್ರಾನ್ಸಿಸ್ ಅವರ ಮೇಲೆಯೇ ಹಲ್ಲೆ ನಡೆಯಿತು. ಜಿಲ್ಲಾಧಿಕಾರಿಯನ್ನು ಮುಟ್ಟಲು ಹಿಂಜರಿಯದವರು ದ್ವೀಪದ ಬಡ ಕುಟುಂಬಗಳಿಗೆ ಏನು ಬೆಲೆ ಕೊಟ್ಟಾರು?

ಮಾರ್ಚ್ 2024ರ ಆ ಪ್ರಕರಣ ಟಿಡಿಆರ್ ಎಂಬ ವ್ಯವಸ್ಥೆಗೆ ಸಂಬಂಧಿಸಿದ್ದು. ರಸ್ತೆ ಅಗಲಿಸಲು ಅಥವಾ ಬೇರೆ ಸಾರ್ವಜನಿಕ ಉಪಯೋಗಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ದುಡ್ಡಿನ ಬದಲು ಕಟ್ಟಡ ಕಟ್ಟುವ ಹಕ್ಕಿನ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಹಿಡಿದು ಇನ್ನೊಂದು ಕಡೆ ಸಾಮಾನ್ಯ ಮಿತಿಗಿಂತ ಹೆಚ್ಚು ಕಟ್ಟಬಹುದು, ಇಲ್ಲವೇ ಬಿಲ್ಡರಿಗೆ ಮಾರಬಹುದು. ಕಾಗದದ ಮೇಲೆ ಒಳ್ಳೆಯ ಯೋಚನೆ. ಆದರೆ ಬಿಟ್ಟ ಜಾಗದ ಬೆಲೆ ಎಷ್ಟು, ಹಕ್ಕು ಎಷ್ಟು ಚದರಡಿ, ಅದು ಯಾರ ಕೈಗೆ ಹೋಯಿತು ಎಂದು ಬೀದಿಯಲ್ಲಿ ನಡೆಯುವವನಿಗೆ ಕಾಣುವುದಿಲ್ಲ. ಅವನಿಗೆ ಕಾಣುವುದು ಇಕ್ಕಟ್ಟಾದ ಓಣಿಯಲ್ಲಿ ಇದ್ದಕ್ಕಿದ್ದಂತೆ ಎರಡು ಮಹಡಿ ಹೆಚ್ಚು ಎದ್ದ ಕಟ್ಟಡ, ಬೇಸಿಗೆಯಲ್ಲಿ ಬತ್ತಿದ ಪಕ್ಕದ ಮನೆಯ ಬಾವಿ.

ಈ ಪ್ರಕರಣದ ಜಾಗ ಇರುವುದು ಕುಡುಪುವಿನಲ್ಲಿ, 10 ಎಕರೆಗೂ ಹೆಚ್ಚು. ಪಚ್ಚನಾಡಿಯ ತ್ಯಾಜ್ಯ ವಿಲೇವಾರಿ ಘಟಕಕ್ಕೆ ಅದು ಬೇಕೆಂದು ಪಾಲಿಕೆ ಟಿಡಿಆರ್ ಮೂಲಕ ಪಡೆಯಲು ಹೊರಟಿತ್ತು. ಪಚ್ಚನಾಡಿಯ ಹೆಸರು ಕೇಳಿದರೆ ಮಂಗಳೂರಿಗರಿಗೆ 2019ರ ಆಗಸ್ಟ್ ನೆನಪಾಗಬೇಕು. ಆ ಮಳೆಗೆ ಇಡೀ ನಗರದ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಎಂಬಲ್ಲಿಗೆ ನುಗ್ಗಿತು. ಅಡಿಕೆ ತೋಟ, ಬಾವಿ, ದೈವಸ್ಥಾನ, ಮನೆಗಳನ್ನು ನಮ್ಮ ಅಡುಗೆಮನೆಗಳ ಕಸ ಮುಚ್ಚಿತು. ಅಲ್ಲಿನ ಕುಟುಂಬಗಳು ಬುಡಸಮೇತ ಎದ್ದು ಹೋಗಬೇಕಾಯಿತು. ಅದೇ ಕಸದ ಗುಡ್ಡದ ನೆರೆಯ ಜಾಗದ ಕಡತಕ್ಕೆ 25 ಲಕ್ಷ ಕೇಳಿದರೆಂಬುದು ದೂರು. ಇದನ್ನು ಓದಿದಾಗ ನನಗೆ ಹೊಟ್ಟೆ ತೊಳಸಿದಂತಾಯಿತು. 2024ರ ನಡುವಿನಲ್ಲಿ ಮೈಸೂರಿನ ಮುಡಾ ನಿವೇಶನ ಹಂಚಿಕೆಯ ಗದ್ದಲ ರಾಜ್ಯವನ್ನೆಲ್ಲ ತುಂಬಿತು. ನಮ್ಮ ಪ್ರಾಧಿಕಾರದ, ಅಂದರೆ ಮಂಗಳೂರಿನ ಮುಡಾದ ಸುದ್ದಿ ಅದರಡಿಯಲ್ಲಿ ಮರೆತೇಹೋಯಿತು.

ಮರೆಯಲಾಗದ ಇನ್ನೊಂದು ಮಾರ್ಚ್ ಇದೆ. 2016ರ ಮಾರ್ಚ್ 21ರ ನಸುಕಿನಲ್ಲಿ ಕೊಡಿಯಾಲಬೈಲಿನ ಮನೆಯಿಂದ ದೇವಸ್ಥಾನಕ್ಕೆಂದು ಹೊರಟಿದ್ದ ವಿನಾಯಕ ಬಾಳಿಗಾ ಅವರನ್ನು ಮನೆಯ ಹತ್ತಿರವೇ ಕಡಿದು ಕೊಂದರು. ಮಾಹಿತಿ ಹಕ್ಕಿನ ಕಾಯ್ದೆ ಹಿಡಿದು ಅವರು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ತಾವೇ ಭಕ್ತರಾಗಿದ್ದ ದೇವಸ್ಥಾನದ ಲೆಕ್ಕಪತ್ರವೂ ಸೇರಿತ್ತು. ರಾಜ್ಯ ಸರ್ಕಾರ ಲೋಕಾಯುಕ್ತ ಪೊಲೀಸರ ಕೈಯಿಂದ ಭ್ರಷ್ಟಾಚಾರ ತನಿಖೆಯ ಅಧಿಕಾರ ತೆಗೆದು ಎಸಿಬಿ ಎಂಬ ಹೊಸ ಸಂಸ್ಥೆ ಮಾಡಿದ್ದು ಆ ಕೊಲೆಗೆ ಸರಿಯಾಗಿ ಒಂದು ವಾರ ಮೊದಲು, ಮಾರ್ಚ್ 14ರಂದು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಆ ವಾರದಲ್ಲಿ ಕರ್ನಾಟಕದಲ್ಲಿ ಪ್ರಶ್ನೆ ಕೇಳುವ ಒಬ್ಬ ಸಾಮಾನ್ಯನ ಬೆನ್ನಿಗೆ ಯಾರಿದ್ದರು ಎಂಬುದಕ್ಕೆ ಈ ಎರಡು ದಿನಾಂಕಗಳು ಸಾಕು. ಆ ಎಸಿಬಿಯನ್ನು ಹೈಕೋರ್ಟ್ ರದ್ದು ಮಾಡಿದ್ದು 2022ರ ಆಗಸ್ಟ್ 11ರಂದು, ಆರು ವರ್ಷಗಳ ನಂತರ. ಲೋಕಾಯುಕ್ತ ಪೊಲೀಸರಿಗೆ ಅಧಿಕಾರ ಮರಳಿ ಬಂದದ್ದರಿಂದಲೇ 2024ರಲ್ಲಿ ಉರ್ವಸ್ಟೋರಿನ ಅಧಿಕಾರಿಯ ಮೇಲೆ ದೂರು ಕೊಡಲು ಒಂದು ಬಾಗಿಲಿತ್ತು.

ಬಾಳಿಗಾ ಸತ್ತ ಜಾಗದಿಂದ ಮಂಗಳೂರಿನ ಜೈಲು ದೂರವಿಲ್ಲ. ಕಾಲೇಜುಗಳ ನಡುವೆ, ಊರಿನ ಎದೆಯ ಮೇಲೆ ಇರುವ ಜೈಲು ಅದು. ನಾವು ಬಸ್ಸಿನಲ್ಲಿ ಅದರ ಗೋಡೆ ನೋಡುತ್ತಲೇ ಓದಲು ಹೋದವರು. 2015ರ ನವೆಂಬರ್ 2ರಂದು ಆ ಗೋಡೆಯೊಳಗೇ ಇಬ್ಬರು ಕೈದಿಗಳ ಕೊಲೆಯಾಯಿತು. ಅವರಲ್ಲೊಬ್ಬ ಭೂಗತ ಜಾಲದ ನಂಟಿದ್ದ ಮಾಡೂರು ಇಸುಬು. ಜೈಲಿನ ಒಳಗೆ ಹತ್ಯಾರು ಬರುವ ಊರಿನಲ್ಲಿ ಹೊರಗೆ ಇರುವವರು ನಿಶ್ಚಿಂತೆಯಿಂದ ದೂರು ಬರೆಯುವುದು ಹೇಗೆ? ಅದಕ್ಕೂ ಮೊದಲು, 2009ರಲ್ಲಿ, ಯುವ ವಕೀಲ ನೌಷಾದ್ ಕಾಶಿಂಜಿ ಅವರನ್ನು ಫಳ್ನೀರಿನಲ್ಲಿ ಗುಂಡಿಕ್ಕಿ ಕೊಂದಿದ್ದರು. ಕಕ್ಷಿದಾರನ ಪರ ವಾದಿಸುವುದು ವಕೀಲನ ಕಸುಬು. ಆ ಕಸುಬಿಗೂ ಇಲ್ಲಿ ಗುಂಡು ಬಿತ್ತು.

ಬಾಳಿಗಾ ಅವರ ಅಕ್ಕತಂಗಿಯರು, ವೃದ್ಧ ತಂದೆತಾಯಿ ನ್ಯಾಯ ಕೇಳಿ ಬೀದಿಗೆ ಬಂದರು. ಅವರ ಜೊತೆ ನಿಂತವರಲ್ಲಿ ಮುಖ್ಯರಾದವರು ವಿಚಾರವಾದಿ ನರೇಂದ್ರ ನಾಯಕ್. ದೇವಸ್ಥಾನಕ್ಕೆ ಹೊರಟ ಭಕ್ತನ ಸಾವಿಗೆ ದೇವರನ್ನು ನಂಬದ ನಾಯಕ್ ಊರೂರು ಸುತ್ತಿ ಸಭೆ ಮಾಡಿದರು. 2017ರ ಮಾರ್ಚಿನಲ್ಲಿ ಅವರ ಕಾರನ್ನು ಬೆಳಗಿನ ಜಾವ ಬೈಕಿನಲ್ಲಿ ಬಂದವರು ಹಿಂಬಾಲಿಸಿ, ಟಯರು ಪಂಕ್ಚರಾಗಿದೆ ಎಂದು ಹೇಳಿ ನಿಲ್ಲಿಸಲು ನೋಡಿದರು. ಅವರು ನಿಲ್ಲಿಸಲಿಲ್ಲ. ನನಗೆ ಈ ನಗರದ ಬಗ್ಗೆ ಹೆಮ್ಮೆ ಎನಿಸುವ ಕೆಲವೇ ಸಂಗತಿಗಳಲ್ಲಿ ಆ ಸಭೆಗಳು ಒಂದು. ಅಲ್ಲಿಗೆ ಬಂದು ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಂತು ಹೋದವರನ್ನೂ ನಾನು ಲೆಕ್ಕಕ್ಕೆ ಸೇರಿಸುತ್ತೇನೆ. ಬಾಳಿಗಾ ಅವರನ್ನು ಬಲ್ಲ ಎಷ್ಟೋ ಜನ ಅಷ್ಟಕ್ಕೂ ಬರಲಿಲ್ಲ. ಏಕೆಂದರೆ ಆರೋಪಿಗಳ ಕಡೆಯವರೂ ಪರಿಚಿತರೇ, ಅದೇ ಕೇರಿಯವರೇ, ಅದೇ ತೇರು ಎಳೆಯುವವರೇ.

ಇಟಲಿಯ ಸಿಸಿಲಿ ದ್ವೀಪದಲ್ಲಿ ಇಂಥದೇ ಒಂದು ಸಣ್ಣ ಊರಿದೆ, ಚಿನಿಸಿ ಎಂದು. ಪೆಪ್ಪಿನೊ ಇಂಪಸ್ತಾತೊ ಹುಟ್ಟಿದ್ದು ಅಲ್ಲಿ, 1948ರಲ್ಲಿ, ಮಾಫಿಯಾದ ನಂಟಿದ್ದ ಮನೆಯಲ್ಲಿ. ಊರಿನ ಮಾಫಿಯಾ ದೊರೆ ಗೈತಾನೊ ಬದಲಮೆಂತಿಯ ಮನೆ ಅವನ ಮನೆಯಿಂದ ನೂರು ಹೆಜ್ಜೆ ದೂರ. ಎಲ್ಲರಿಗೂ ಎಲ್ಲವೂ ಗೊತ್ತಿದ್ದ, ಯಾರೂ ಹೇಳದ ಊರು. ಪೆಪ್ಪಿನೊ ಒಂದು ಪುಟ್ಟ ರೇಡಿಯೊ ಕೇಂದ್ರ ತೆರೆದು ಆ ದೊರೆಯ ವ್ಯವಹಾರಗಳನ್ನು ಹೆಸರು ಹಿಡಿದು ಹೇಳತೊಡಗಿದ. 1978ರ ಮೇ 9ರಂದು ಅವನನ್ನು ಕೊಂದು ರೈಲು ಹಳಿಯ ಮೇಲೆ ಸ್ಫೋಟಿಸಿದರು, ಅವನೇ ಬಾಂಬು ಇಡಲು ಹೋಗಿ ಸತ್ತನೆಂದು ಸುದ್ದಿ ಹಬ್ಬಿಸಿದರು. ಅವನ ತಾಯಿ ಫೆಲಿಚಿಯಾ ಬಾಯಿ ಮುಚ್ಚಿಕೊಳ್ಳಲಿಲ್ಲ. ದಶಕಗಳ ಕಾಲ ಮನೆಯ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಮಗನ ಕಥೆ ಹೇಳಿದಳು. 2002ರಲ್ಲಿ ಬದಲಮೆಂತಿಗೆ ಶಿಕ್ಷೆಯಾಯಿತು. ನಾನು ಈ ತಾಯಿಯ ಬಗ್ಗೆ ಓದುವಾಗಲೆಲ್ಲ ಕಬಡ್ಡಿ ಆಡುತ್ತಿದ್ದ ನಮ್ಮೂರಿನ ಆ ಹುಡುಗನ ತಾಯಿಯನ್ನು, ಬಾಳಿಗಾ ಅವರ ಮನೆಯವರನ್ನು ಒಟ್ಟಿಗೆ ನೆನೆಯುತ್ತೇನೆ. ಚಿನಿಸಿ ತನ್ನ ಮಕ್ಕಳಿಗೆ ಈಗ ಪೆಪ್ಪಿನೊನ ಮನೆ ತೋರಿಸುತ್ತದೆ. ನಮ್ಮ ನಗರದ ಯಾವ ಶಾಲೆಯಲ್ಲಾದರೂ ಬಾಳಿಗಾ ಅವರ ಹೆಸರು ಹೇಳುವುದನ್ನು ನಾನು ಕೇಳಿಲ್ಲ.

ನಮ್ಮ ಮಕ್ಕಳಿಗೆ ಕಲಿಸುವ ಹೆದರಿಕೆ ಬೇರೆಯೇ. 2024ರ ಜುಲೈ 9ರ ನಸುಕಿನಲ್ಲಿ ಉರ್ವ ಠಾಣೆ ವ್ಯಾಪ್ತಿಯ ಕೋಟೆಕಣಿಯಲ್ಲಿ ಚಡ್ಡಿ ಗ್ಯಾಂಗಿನವರು ಮನೆಗೆ ನುಗ್ಗಿ ವೃದ್ಧ ದಂಪತಿಯ ಮೇಲೆ ಹಲ್ಲೆ ಮಾಡಿ ಚಿನ್ನ ದೋಚಿ, ಅವರದೇ ಕಾರಿನಲ್ಲಿ ಪರಾರಿಯಾದರು. ಮಧ್ಯಪ್ರದೇಶದವರಾದ ಅವರನ್ನು ಪೊಲೀಸರು ಅದೇ ದಿನ ಸಕಲೇಶಪುರದಲ್ಲಿ ಹಿಡಿದರು. ಅದು ಶ್ಲಾಘನೀಯ ಕೆಲಸವೇ ಸರಿ. ಆದರೂ ಆಮೇಲಿನ ವಾರಗಳಲ್ಲಿ ಮನೆಗಳಿಗೆಲ್ಲ ಕ್ಯಾಮೆರಾ ಬಂತು, ಗೇಟುಗಳಿಗೆ ಹೊಸ ಬೀಗ ಬಂತು, ಹೊರರಾಜ್ಯದ ಕೂಲಿಗಳನ್ನು ಕಂಡರೆ ಜನ ತಡೆದು ಕೇಳತೊಡಗಿದರು. ಅದಕ್ಕೂ ಸುಮಾರು ನಾಲ್ಕು ತಿಂಗಳ ಮೊದಲು ಅದೇ ಪೇಟೆಯಲ್ಲಿ ಕೇಳಿಬಂದ 25 ಲಕ್ಷದ ವಿಷಯಕ್ಕೆ ಯಾವ ಗೇಟಿಗೂ ಬೀಗ ಬೀಳಲಿಲ್ಲ. ದೂರದಿಂದ ಬಂದವನ ಕಳ್ಳತನ ನಮಗೆ ಕಾಣುತ್ತದೆ. ಪರಿಚಿತನ ಕಳ್ಳತನ ವ್ಯವಹಾರವೆನಿಸುತ್ತದೆ.

ಪೊಲೀಸರ ಮಾತು ಬಂದಾಗ ಇದನ್ನೂ ಹೇಳಬೇಕು. 2010ರ ಜನವರಿ 1ರಿಂದ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದ ಮೇಲೆ ಫೋನಿನಲ್ಲಿ ಹಫ್ತಾ ಕೇಳುವ ಹಾವಳಿ ತಗ್ಗಿದೆ. ಜೀವ ಪಣಕ್ಕಿಟ್ಟು ದುಡಿದ ಅಧಿಕಾರಿಗಳನ್ನು, ಪೇದೆಗಳನ್ನು ನಾನು ಬಲ್ಲೆ. ಅದೇ ಇಲಾಖೆಯಲ್ಲಿ, ವಂಚನೆ ಪ್ರಕರಣದ ಐಷಾರಾಮಿ ಕಾರನ್ನು ಪೊಲೀಸರೇ ಮಾರಿದರೆಂಬ ಆರೋಪ ಎದ್ದು 2021ರ ಆರಂಭದಲ್ಲಿ ಸಿಐಡಿ ತನಿಖೆಯಾಯಿತು. ಎರಡೂ ನಿಜ.

ಅಣ್ಣಂದಿರ ಕಾಲ ಮುಗಿಯಿತು ಎನ್ನುವವರಿದ್ದಾರೆ. ದಂಧೆ ಮುಗಿದಿಲ್ಲ, ಸರಕು ಬದಲಾಗಿದೆ. 2025ರ ಮಾರ್ಚಿನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ದಕ್ಷಿಣ ಆಫ್ರಿಕಾದ ಮಹಿಳೆಯರಿಂದ ವಶಪಡಿಸಿಕೊಂಡ ಎಂಡಿಎಂಎ ಮಾದಕವಸ್ತು 37 ಕಿಲೋಗೂ ಹೆಚ್ಚು, ಬೆಲೆ 75 ಕೋಟಿ ರೂಪಾಯಿ ಎಂದು ಹೇಳಿದರು. ಆ ಜಾಡು ಶುರುವಾದದ್ದು ಮಂಗಳೂರಿನಲ್ಲಿ ಸಿಕ್ಕ ಒಂದು ಸಣ್ಣ ಪೊಟ್ಟಣದಿಂದ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿಂದ ಬದುಕುವ ಈ ನಗರದಲ್ಲಿ ಆ ಪೊಟ್ಟಣ ಯಾರಿಗೆ ತಲುಪುತ್ತದೆಂದು ಹಾಸ್ಟೆಲಿನ ಎದುರಿನ ಅಂಗಡಿಯವರಿಗೆ ಗೊತ್ತು. ಪಿಜಿ ಮಾಲೀಕರಿಗೆ ಗೊತ್ತು. ಮಕ್ಕಳ ತಂದೆತಾಯಿಗೆ ಕೊನೆಗೆ ಗೊತ್ತಾಗುತ್ತದೆ.

ಸಿನಿಮಾಗಳೂ ಈಗ ನಮ್ಮ ಕೇರಿಗಳಿಗೆ ಬಂದಿವೆ. 2021ರಲ್ಲಿ ಬಂದ ರಾಜ್ ಬಿ. ಶೆಟ್ಟಿ ಅವರ 'ಗರುಡ ಗಮನ ವೃಷಭ ವಾಹನ' ಮಂಗಳಾದೇವಿಯ ಬೀದಿಯನ್ನು, ಅಲ್ಲಿನ ಹುಡುಗರ ಮಾತನ್ನು ಇದ್ದಂತೆ ತೋರಿಸಿತು. ಒಳ್ಳೆಯ ಸಿನಿಮಾ. ಹುಡುಗರು ಅದರಿಂದ ಕುಣಿತವನ್ನು ಮಾತ್ರ ಎತ್ತಿಕೊಂಡು ರೀಲ್ಸ್ ಮಾಡಿದರು. ಅದರೊಳಗೆ ಸ್ನೇಹ ಕೊಳೆಯುವುದನ್ನು ಎಷ್ಟು ಜನ ಕಂಡರೋ. ಕಡತಗಳ ಕಥೆಯನ್ನು ಮಾತ್ರ ಇನ್ನೂ ಯಾರೂ ಸಿನಿಮಾ ಮಾಡಿಲ್ಲ. ಅದರಲ್ಲಿ ಹೊಡೆದಾಟವಿಲ್ಲ.

ಮೌನ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಅಂಕೋಲೆಯ ಪ್ರಕರಣವೊಂದಿದೆ. ಹಫ್ತಾ ಕೊಡಲು ನಿರಾಕರಿಸಿದ ಉದ್ಯಮಿ ಆರ್.ಎನ್. ನಾಯಕ ಅವರನ್ನು 2013ರ ಡಿಸೆಂಬರಿನಲ್ಲಿ ಗುಂಡಿಕ್ಕಿ ಕೊಂದರು. ಅಂಗರಕ್ಷಕನಿದ್ದರೂ ಅವರು ಉಳಿಯಲಿಲ್ಲ. ಆದರೆ ಪ್ರಕರಣ ಉಳಿಯಿತು. ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ, ಅಂದರೆ ಕೋಕಾದಡಿ ತನಿಖೆಯಾಯಿತು. ಮೊರಾಕ್ಕೊದಲ್ಲಿ ಸಿಕ್ಕ ಉಡುಪಿ ಮೂಲದ ಬನ್ನಂಜೆ ರಾಜನನ್ನು 2015ರಲ್ಲಿ ಕರೆತಂದರು. ವಿಚಾರಣೆ ನಡೆದದ್ದು ಕರಾವಳಿಯಲ್ಲಲ್ಲ, ಬೆಳಗಾವಿಯ ವಿಶೇಷ ನ್ಯಾಯಾಲಯದಲ್ಲಿ. 2022ರ ಏಪ್ರಿಲಿನಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಸಾಕ್ಷಿಗಳು ಘಟ್ಟ ಹತ್ತಿ ಹೋಗಿ, ಎಲ್ಲರೂ ಎಲ್ಲರ ನೆಂಟರಾದ ಊರಿನಿಂದ ದೂರ ನಿಂತು ಮಾತಾಡಿದರು. ದೂರದ ಕಟಕಟೆಗೆ ಆ ಬಲ ಇರುತ್ತದೆಂದು ನನ್ನ ನಂಬಿಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮು ಸಂಘಟಿತ ಅಪರಾಧವನ್ನು ದೇಶಕ್ಕೆಲ್ಲ ಒಂದೇ ಅಪರಾಧವಾಗಿ ಹೇಳುತ್ತದೆ. ಅದರಲ್ಲಿ ಜಾಗ ಕಬಳಿಕೆಯೂ ಇದೆ, ಸುಲಿಗೆಯೂ ಇದೆ. ಕಲಮನ್ನು ಕೋವಿ ಹಿಡಿದ ಹುಡುಗನ ಮೇಲೆ ಮಾತ್ರ ಹಾಕುತ್ತಾರೋ, ಅವನನ್ನು ಕಳಿಸಿದವರ ಲೆಕ್ಕಪುಸ್ತಕದವರೆಗೂ ಒಯ್ಯುತ್ತಾರೋ ನೋಡಬೇಕು.

ಉರ್ವದ ಮಟ್ಟಿಗೆ ನನ್ನ ಬೇಡಿಕೆ ಚಿಕ್ಕದು. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ ಪ್ರಕಾರ ಸಾರ್ವಜನಿಕ ಕಚೇರಿ ತಾನು ಕೊಟ್ಟ ಪರವಾನಗಿ, ರಿಯಾಯಿತಿಗಳ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಉರ್ವಸ್ಟೋರಿನ ಕಚೇರಿಯ ಗೇಟಿನ ಬಳಿ, ಬಸ್ಸಿಗೆ ಕಾಯುವವರಿಗೂ ಓದಲು ಬರುವ ಹಾಗೆ, ಒಂದು ದೊಡ್ಡ ಫಲಕ ಹಾಕಲಿ: ಈ ನಗರದಲ್ಲಿ ಇದುವರೆಗೆ ಕೊಟ್ಟ ಪ್ರತಿ ಟಿಡಿಆರ್, ಬಿಟ್ಟುಕೊಟ್ಟ ಜಾಗ ಎಲ್ಲಿ, ಎಷ್ಟು, ಹಕ್ಕು ಯಾರಿಗೆ ಮಾರಾಟವಾಯಿತು, ಯಾವ ಕಟ್ಟಡದ ಮೇಲೆ ಎಷ್ಟು ಮಹಡಿಯಾಗಿ ನಿಂತಿದೆ. ಪಕ್ಕದಲ್ಲೇ ಬಾಕಿ ಇರುವ ಅರ್ಜಿಗಳ ಪಟ್ಟಿ, ಯಾವ ಮೇಜಿನ ಮೇಲೆ ಎಷ್ಟು ದಿನದಿಂದ ಕೂತಿದೆ ಎಂಬ ವಿವರ.

ಹಾಕದಿದ್ದರೆ ಕೇಳುವ ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಅಷ್ಟು ಪದಗಳನ್ನು ಪ್ರೌಢಶಾಲೆಯ ಮಕ್ಕಳು ಬರೆಯಬಲ್ಲರು. ಆದರೆ ಅರ್ಜಿಯ ಕೆಳಗೆ ಒಬ್ಬರದೇ ಹೆಸರಿದ್ದರೆ ಏನಾಗುತ್ತದೆಂದು 2016ರಲ್ಲಿ ಕಂಡಿದ್ದೇವೆ. ಆದ್ದರಿಂದ ಮಾರಿಗುಡಿಯ ರಸ್ತೆಯವರು, ಚಿಲಿಂಬಿಯ ಅಪಾರ್ಟ್‌ಮೆಂಟಿನವರು, ಮಾರ್ಕೆಟಿನ ಮೀನಿನ ಹೆಂಗಸರು, ಮೈದಾನದ ಕ್ರಿಕೆಟ್ ತಂಡದವರು ಒಬ್ಬೊಬ್ಬರೂ ಅದೇ ಪ್ರಶ್ನೆಯನ್ನು ತಂತಮ್ಮ ಹೆಸರಿನಲ್ಲಿ, ಒಂದೇ ದಿನ ಹಾಕಬೇಕು. ಮೊದಲ ಅರ್ಜಿಯ ಕರಡು ನಾನು ಬರೆದಿಟ್ಟಿದ್ದೇನೆ. ಬೇಕಾದವರಿಗೆ ಕೊಡುತ್ತೇನೆ.